ಕರೆಂಟ್ ಕೊಟ್ಟರೆ ಸಾಕಾ, ವ್ಯಾಯಾಮ ಬೇಕಾ? ಮಂಡಿ ನೋವಿನ ಪತ್ರಗಳಿಗೆ ಫಿಸಿಯೋ ಉತ್ತರ

ಕಳೆದ ಸಂಚಿಕೆಯಲ್ಲಿ ನಾನು ಬರೆದದ್ದು ಕುತ್ತಿಗೆ ನೋವಿನ ಬಗ್ಗೆ. ಆದರೆ ಬಂದ ಪತ್ರಗಳಲ್ಲಿ ಹೆಚ್ಚಿನವು ಮಂಡಿಯದ್ದೇ. ಬಂಟ್ವಾಳದಿಂದ ಕುಂದಾಪುರದವರೆಗೆ ಎಲ್ಲರ ಮಂಡಿಯೂ ಒಟ್ಟಿಗೆ ಕೂಗಿದ ಹಾಗಿತ್ತು. ಮಳೆಗಾಲ ಬೇರೆ ಶುರುವಾಗಿದೆ. ಅದಕ್ಕೇ ಈ ಸಲ ಬೇರೆ ಯಾವ ವಿಷಯಕ್ಕೂ ಹೋಗದೆ ಮಂಡಿಯ ಪತ್ರಗಳನ್ನೇ ತೆಗೆದುಕೊಂಡಿದ್ದೇನೆ. ಒಂದೇ ರೀತಿಯ ಪ್ರಶ್ನೆಗಳನ್ನು ಸೇರಿಸಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ನನಗೆ 56 ವರ್ಷ. ಮೂವತ್ತು ವರ್ಷದಿಂದ ಬೀಡಿ ಕಟ್ಟುತ್ತಿದ್ದೇನೆ. ಎರಡೂ ಮಂಡಿ ನೋವು, ಬಲದ್ದು ಜಾಸ್ತಿ. ಕೂತಲ್ಲಿಂದ ಏಳುವಾಗ ಜೀವ ಹೋಗುತ್ತದೆ. ಎಕ್ಸ್‌ರೇ ನೋಡಿ ಮಂಡಿ ಸವೆದಿದೆ ಎಂದರು. ಹತ್ತು ದಿನ ಫಿಸಿಯೋಥೆರಪಿಗೆ ಹೋಗಿ ಕರೆಂಟ್ ಕೊಡಿಸಿದೆ. ಆಗ ಹಗುರ ಆಗಿತ್ತು, ಹದಿನೈದು ದಿನಕ್ಕೆ ಮತ್ತೆ ಅದೇ ಕಥೆ. ಇನ್ನೂ ಹತ್ತು ದಿನ ಕೊಡಿಸಬೇಕಾ?
ಬಂಟ್ವಾಳದ ಓದುಗರು

ಉತ್ತರ: ಅಕ್ಕ, ಬೇಡ. ಆ ದುಡ್ಡು ನಿಮ್ಮ ಕೈಯಲ್ಲೇ ಇರಲಿ. ಯಾಕೆ ಬೇಡ ಅಂತ ಹೇಳಬೇಕಾದರೆ ಸ್ವಲ್ಪ ಉದ್ದ ಬರೆಯಬೇಕಾಗುತ್ತದೆ, ತಾಳ್ಮೆಯಿಂದ ಓದಿ.

ನೀವು ಕರೆಂಟ್ ಎಂದದ್ದು ಹೆಚ್ಚಾಗಿ ಐಎಫ್‌ಟಿ ಎಂಬ ಮೆಷಿನ್. ಒದ್ದೆ ಸ್ಪಂಜಿನ ಪ್ಯಾಡ್‌ಗಳನ್ನು ಮಂಡಿಯ ಸುತ್ತ ಕಟ್ಟುತ್ತಾರೆ, ಇರುವೆ ಹರಿದ ಹಾಗೆ ಜುಂ ಅನ್ನುತ್ತದೆ, ಹದಿನೈದು ನಿಮಿಷಕ್ಕೆ ಟಿಣ್ ಅಂತ ನಿಲ್ಲುತ್ತದೆ. ಅಲ್ವಾ? ಅದು ನೋವಿನ ಸುದ್ದಿಯನ್ನು ಸ್ವಲ್ಪ ಹೊತ್ತು ಮಂದ ಮಾಡುತ್ತದೆ, ಅಷ್ಟೇ. ಮಂಡಿಯನ್ನು ಹಿಡಿದು ನಿಲ್ಲಿಸುವ ಮಾಂಸಖಂಡಕ್ಕೆ ಅದರಿಂದ ಒಂದು ಚೂರೂ ಬಲ ಬರುವುದಿಲ್ಲ. 2022ರಲ್ಲಿ ಬ್ರಿಟನ್ನಿನ ನೈಸ್ ಎಂಬ ಆರೋಗ್ಯ ಸಲಹಾ ಸಂಸ್ಥೆ ಗಂಟು ಸವೆತಕ್ಕೆ ಹೊರಡಿಸಿದ ಮಾರ್ಗಸೂಚಿಯಲ್ಲಿ ಐಎಫ್‌ಟಿ, ಟೆನ್ಸ್ ಎಂಬ ಇನ್ನೊಂದು ಕರೆಂಟ್ ಮೆಷಿನ್, ಅಲ್ಟ್ರಾಸೌಂಡ್ ಚಿಕಿತ್ಸೆ ಇವನ್ನೆಲ್ಲ ಕೊಡಬೇಡಿ, ಪ್ರಯೋಜನಕ್ಕೆ ಸಾಕಷ್ಟು ಪುರಾವೆ ಇಲ್ಲ ಎಂದೇ ಬರೆದಿದ್ದಾರೆ. ವ್ಯಾಯಾಮವನ್ನು ಮಾತ್ರ ಎಲ್ಲರಿಗೂ ಕೊಡಿ ಎಂದಿದ್ದಾರೆ. ನಾನೂ ಇದೇ ಕೆಲಸದಲ್ಲಿರುವವ. ನಮ್ಮಲ್ಲಿ ತುಂಬಾ ಕಡೆ ಇದು ತಿರುಗಾಮುರುಗಾ ಆಗಿದೆ. ಮೆಷಿನ್‌ಗೆ ಅರ್ಧ ಗಂಟೆ, ವ್ಯಾಯಾಮಕ್ಕೆ ಒಂದು ಝೆರಾಕ್ಸ್ ಹಾಳೆ. ಈ ವಿಷಯದಲ್ಲಿ ನನಗೆ ನಿಜವಾಗಿಯೂ ಬೇಸರ ಉಂಟು.

ಈಗ ಸವೆತದ ಮಾತು. ಎಲುಬಿನ ತುದಿಯಲ್ಲಿ ಎಳೆ ಬೊಂಡದ ಗಂಜಿಯಂತೆ ನುಣುಪಾದ ಒಂದು ಹೊದಿಕೆ ಇರುತ್ತದೆ, ಅದೇ ಮೃದ್ವಸ್ಥಿ. ಅದು ವಯಸ್ಸಾದ ಹಾಗೆ ತೆಳುವಾಗುವುದು ನಿಜ. ಆದರೆ ಎಕ್ಸ್‌ರೇಯಲ್ಲಿ ಕಾಣುವ ಸವೆತಕ್ಕೂ ನಿಮಗಾಗುವ ನೋವಿಗೂ ನೇರ ಲೆಕ್ಕ ಇಲ್ಲ. ಎಕ್ಸ್‌ರೇ ತುಂಬಾ ಕೆಟ್ಟದಾಗಿದ್ದರೂ ಆರಾಮಾಗಿ ಗದ್ದೆಗೆ ಇಳಿಯುವವರನ್ನು ನೋಡಿದ್ದೇನೆ. ಚೂರೇ ಸವೆದಿದ್ದರೂ ಬಚ್ಚಲಿಗೆ ಹೋಗಲು ಗೋಡೆ ಹಿಡಿಯುವವರನ್ನೂ ನೋಡಿದ್ದೇನೆ. ಈ ಇಬ್ಬರ ತೊಡೆ ಮುಟ್ಟಿ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಒಬ್ಬರದ್ದು ಗಟ್ಟಿ, ಇನ್ನೊಬ್ಬರದ್ದು ಮೆತ್ತಗೆ.

ನೋವು ಬಂದಾಗ ನಾವು ಆ ಕಾಲನ್ನು ಕಡಿಮೆ ಬಳಸುತ್ತೇವೆ. ಬಳಸದಿದ್ದರೆ ತೊಡೆಯ ಮುಂದಿನ ಮಾಂಸಖಂಡ ಕರಗುತ್ತದೆ. ಅದು ಕರಗಿದರೆ ಭಾರವೆಲ್ಲ ಸೀದಾ ಗಂಟಿಗೆ ಬೀಳುತ್ತದೆ, ನೋವು ಇನ್ನೂ ಜಾಸ್ತಿಯಾಗುತ್ತದೆ. ಈ ಸುತ್ತನ್ನು ಕಡಿಯಬೇಕಾದದ್ದು ತೊಡೆಯ ಹತ್ತಿರ.

ಹೀಗೆ ಮಾಡಿ. ಗೋಡೆಗೆ ಒರಗಿ ಕಾಲು ಚಾಚಿ ಮಂಚದ ಮೇಲೆ ಕೂತುಕೊಳ್ಳಿ. ಒಂದು ಬೈರಾಸನ್ನು (ಟವೆಲ್) ಸುತ್ತಿ ಮಂಡಿಯ ಅಡಿಗೆ ಇಡಿ. ಈಗ ಮಂಡಿಯ ಹಿಂಭಾಗದಿಂದ ಆ ಬೈರಾಸನ್ನು ಕೆಳಕ್ಕೆ ಒತ್ತಿ. ತೊಡೆಯ ಮೇಲೆ ನಿಮ್ಮದೇ ಅಂಗೈ ಇಟ್ಟು ನೋಡಿ, ಮಾಂಸ ಬಿಗಿಯಾಗಬೇಕು, ಮಂಡಿಚಿಪ್ಪು ಸ್ವಲ್ಪ ಮೇಲಕ್ಕೆ ಜಾರಬೇಕು. ಅದು ಆಗದಿದ್ದರೆ ನೀವು ಸೊಂಟದಿಂದ ಒತ್ತುತ್ತಿದ್ದೀರಿ ಎಂದರ್ಥ. ಉಸಿರು ಕಟ್ಟಬೇಡಿ, ಬಾಯಿಬಿಟ್ಟು ಐದರ ತನಕ ಎಣಿಸಿ, ಬಿಡಿ. ಒಂದು ಕಾಲಿಗೆ ಹತ್ತು ಸಲ, ದಿನಕ್ಕೆ ಎರಡು ಹೊತ್ತು. ಒಂದು ವಾರ ಕಳೆದ ಮೇಲೆ ಮಲಗಿಕೊಂಡು ಒಂದು ಕಾಲು ಮಡಚಿ, ಇನ್ನೊಂದನ್ನು ನೇರ ಇಟ್ಟು ಒಂದು ಅಡಿ ಎತ್ತಿ ಐದು ಎಣಿಸಿ ನಿಧಾನಕ್ಕೆ ಇಳಿಸಿ. ದೊಪ್ಪನೆ ಬಿಡಬೇಡಿ, ಇಳಿಸುವಾಗಲೇ ಬಲ ಬರುವುದು.

ಮೂರನೆಯದು ಕುರ್ಚಿಯಿಂದ ಎದ್ದು ಕೂರುವುದು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ಕುರ್ಚಿಯನ್ನು ಗೋಡೆಗೆ ತಾಗಿಸಿ ಇಡಿ, ಜಾರಬಾರದು. ಕುರ್ಚಿ ತಗ್ಗಾಗಿದ್ದರೆ ಒಂದು ದಿಂಬು ಹಾಕಿ ಎತ್ತರ ಮಾಡಿ. ಕೈ ಎದೆಗೆ ಕಟ್ಟಿ, ಮೂಗು ಮುಂದಕ್ಕೆ ತಂದು ಎದ್ದು ನಿಲ್ಲಿ. ಮತ್ತೆ ನಿಧಾನಕ್ಕೆ ಕೂತುಕೊಳ್ಳಿ. ಎಂಟು ಹತ್ತು ಸಲ. ಸುಲಭ ಆದ ಮೇಲೆ ದಿಂಬು ತೆಗೆಯಿರಿ.

ನೋವಾದರೆ ನಿಲ್ಲಿಸಬೇಕಾ ಅಂತ ಕೇಳುತ್ತೀರಿ. ಸ್ವಲ್ಪ ನೋವಾಗುತ್ತದೆ, ಹೆದರಬೇಡಿ. ಹತ್ತರಲ್ಲಿ ನಾಲ್ಕು ಐದರಷ್ಟು ನೋವು ಪರವಾಗಿಲ್ಲ, ಆದರೆ ಮರುದಿನ ಅದೇ ಹೊತ್ತಿಗೆ ಅದು ಮೊದಲಿನ ಮಟ್ಟಕ್ಕೆ ಇಳಿದಿರಬೇಕು. ಇಳಿದಿಲ್ಲ, ಅಥವಾ ಮಂಡಿ ಬಾತಿದೆ ಎಂದಾದರೆ ಲೆಕ್ಕವನ್ನು ಅರ್ಧ ಮಾಡಿ. ಪೂರ್ತಿ ನಿಲ್ಲಿಸುವುದು ಮಾತ್ರ ಬೇಡ. ಮಾಂಸಖಂಡಕ್ಕೆ ಬಲ ಬರಲು ಆರರಿಂದ ಎಂಟು ವಾರ ಬೇಕು. ಹತ್ತು ದಿನಕ್ಕೆ ಫಲ ಹುಡುಕಬೇಡಿ.

ಇನ್ನು ಕೆಲಸ. ಬೀಡಿ ಬಿಡಿ ಎಂದು ಹೇಳುವುದು ನನಗೆ ಸುಲಭ, ಮನೆ ನಡೆಸುವವರು ನೀವು. ಕೂರುವ ಭಂಗಿಯನ್ನು ಮಾತ್ರ ಬದಲಿಸಿ. ಚಕ್ಕಳಮಕ್ಕಳ ಹಾಕಿ ಗಂಟೆಗಟ್ಟಲೆ ಕೂತರೆ ಮಂಡಿ ಪೂರ್ತಿ ಮಡಚಿಯೇ ಇರುತ್ತದೆ. ಗೋಡೆಗೆ ಬೆನ್ನು ಕೊಟ್ಟು ಒಂದು ಸ್ಟೂಲಿನ ಮೇಲೆ ಕೂತು, ಗೆರಸೆಯನ್ನು ತೊಡೆಯ ಮೇಲೆ ಇಟ್ಟುಕೊಳ್ಳಿ. ಮೊದಲ ಒಂದು ವಾರ ಕೈ ಓಡುವುದಿಲ್ಲ, ಆಮೇಲೆ ಅಭ್ಯಾಸ ಆಗುತ್ತದೆ. ಒಂದು ಕಟ್ಟು ಮುಗಿದಾಗೆಲ್ಲ ಎರಡೂ ಕಾಲನ್ನು ನೇರ ಮಾಡಿ ಪಾದವನ್ನು ಮೇಲೆ ಕೆಳಗೆ ಆಡಿಸಿ. ಸಂಜೆ ಬ್ರಾಂಚಿಗೆ ಬೀಡಿ ಕೊಡಲು ನಡೆದು ಹೋಗುತ್ತೀರಲ್ಲ, ಅದನ್ನು ಬಿಡಬೇಡಿ. ಮಗನ ಬೈಕ್ ಬೇಡ.

ಪ್ರಶ್ನೆ: ನಿವೃತ್ತ ಬ್ಯಾಂಕ್ ನೌಕರ, ವಯಸ್ಸು 64, ತೂಕ 82 ಕಿಲೋ. ಕದ್ರಿ ಪಾರ್ಕಿನಲ್ಲಿ ದಿನಾ ವಾಕಿಂಗ್ ಮಾಡುತ್ತೇನೆ. ಎಡ ಮಂಡಿ ನೋವು ಶುರುವಾಗಿದೆ. ನಡೆದಷ್ಟೂ ಸವೆಯುತ್ತದೆ, ನಿಲ್ಲಿಸಿ ಎಂದು ಜೊತೆಯವರು ಹೇಳುತ್ತಾರೆ. ನಿಲ್ಲಿಸಲೇ? ಮಲ್ಪೆಯಲ್ಲಿ ಮಗಳ ಮನೆಗೆ ಹೋದಾಗ ಮರಳಿನ ಮೇಲೆ ನಡೆದರೆ ಒಳ್ಳೆಯದಾ?
ಮಂಗಳೂರಿನ ಓದುಗರು

ಉತ್ತರ: ನಿಲ್ಲಿಸಬೇಡಿ ಸರ್. ಮಂಡಿ ಚಪ್ಪಲಿಯ ಅಟ್ಟೆಯಲ್ಲ, ನಡೆದಷ್ಟೂ ಸವೆಯಲು. ಮೃದ್ವಸ್ಥಿಗೆ ರಕ್ತನಾಳ ಇಲ್ಲ. ಅದಕ್ಕೆ ಊಟ ಸಿಗುವುದು ಗಂಟಿನೊಳಗಿನ ದ್ರವದಿಂದ. ಹೆಜ್ಜೆ ಇಟ್ಟಾಗ ಸ್ಪಂಜಿನಂತೆ ಹಿಂಡಿಕೊಳ್ಳುತ್ತದೆ, ಎತ್ತಿದಾಗ ಹೀರಿಕೊಳ್ಳುತ್ತದೆ. ನಡಿಗೆಯೇ ನಿಂತರೆ ಆ ಹಿಂಡುವುದು ಹೀರುವುದು ಎಲ್ಲಿಂದ?

ಆದರೆ ಎಷ್ಟು, ಎಲ್ಲಿ ಎಂಬುದನ್ನು ನೋಡಿ. ಒಂದೇ ಸಲ ಒಂದು ಗಂಟೆ ನಡೆದು ನೋವಾಗುತ್ತಿದ್ದರೆ ಬೆಳಗ್ಗೆ ಇಪ್ಪತ್ತು ನಿಮಿಷ, ಸಂಜೆ ಇಪ್ಪತ್ತು ನಿಮಿಷ ಮಾಡಿ. ಸಮತಟ್ಟು ದಾರಿ ಹಿಡಿಯಿರಿ. ಕದ್ರಿಯಲ್ಲಿ ಏರು ತಗ್ಗು ಉಂಟು, ಇಳಿಯುವ ಕಡೆ ಹೆಜ್ಜೆ ಚಿಕ್ಕದು ಮಾಡಿ. ಮಂಡಿಗೆ ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ರಬ್ಬರ್ ಚಪ್ಪಲಿ ಬೇಡ, ಹಿಮ್ಮಡಿ ಹಿಡಿಯುವ ಶೂ ಹಾಕಿ.

ಮಲ್ಪೆಯ ಮರಳಿನ ಬಗ್ಗೆ ನನ್ನ ಅಭಿಪ್ರಾಯ ಇಷ್ಟು. ಒಣ ಮರಳಿನಲ್ಲಿ ಕಾಲು ಹೂತುಹೋಗುತ್ತದೆ, ನೋವಿರುವ ಮಂಡಿಗೆ ಅದು ಸದ್ಯಕ್ಕೆ ಬೇಡ. ನೀರಿನ ಅಂಚಿನ ಗಟ್ಟಿ ಮರಳು ಪರವಾಗಿಲ್ಲ, ಆದರೆ ಅದು ಸಮುದ್ರದ ಕಡೆಗೆ ವಾಲಿರುತ್ತದೆ, ಒಂದೇ ದಿಕ್ಕಿಗೆ ಒಂದು ಮೈಲಿ ನಡೆದರೆ ಒಂದೇ ಕಾಲಿಗೆ ಭಾರ. ಸ್ವಲ್ಪ ಹೋಗಿ ತಿರುಗಿ ಬನ್ನಿ. ಮಳೆಗಾಲದಲ್ಲಿ ಮಾತ್ರ ನೀರಿನ ಹತ್ತಿರ ಹೋಗುವುದೇ ಬೇಡ.

ತೂಕದ ವಿಷಯವನ್ನು ನೀವೇ ಬರೆದದ್ದು ಒಳ್ಳೆಯದಾಯಿತು. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಕಡಿಮೆಯಾಗುತ್ತದೆ. ದಿನಕ್ಕೆ ನಾಲ್ಕೈದು ಸಾವಿರ ಹೆಜ್ಜೆ ಇಡುವವರಿಗೆ ಇದು ಎಷ್ಟು ದೊಡ್ಡ ಲೆಕ್ಕ ನೋಡಿ. ವಾಕಿಂಗ್ ಮುಗಿಸಿ ಗೆಳೆಯರ ಜೊತೆ ಹೋಟೆಲಿಗೆ ಹೋಗಿ ಬನ್ಸ್, ಗೋಳಿಬಜೆ ತಿನ್ನುವ ಅಭ್ಯಾಸ ಇದ್ದರೆ ಅದನ್ನು ವಾರಕ್ಕೊಂದು ದಿನಕ್ಕೆ ಇಳಿಸಿ. ಬಿಡಿ ಅಂತ ಹೇಳುವುದಿಲ್ಲ.

ಇನ್ನೊಂದು ಮಾತು, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಮ್ಮ ಸಿಟಿ ಬಸ್ಸಿನ ಫುಟ್‌ಬೋರ್ಡ್ ಎಷ್ಟು ಎತ್ತರ ಗೊತ್ತಲ್ವಾ. ಕಂಡಕ್ಟರ್ ಬೇಗ ಬೇಗ ಅನ್ನುತ್ತಾನೆ, ಹಿಂದಿನಿಂದ ಜನ ತಳ್ಳುತ್ತಾರೆ, ಗಡಿಬಿಡಿಯಲ್ಲಿ ನೋವಿನ ಕಾಲೇ ಮುಂದೆ ಹೋಗುತ್ತದೆ. ಹತ್ತುವಾಗ ಯಾವಾಗಲೂ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಮನೆಯ ಮೆಟ್ಟಿಲಿಗೂ ಇದೇ ಕ್ರಮ. ಕೋಲು ಹಿಡಿಯುವುದಾದರೆ ನೋವಿನ ಕಾಲಿನ ಎದುರು ಬದಿಯ ಕೈಯಲ್ಲಿ ಹಿಡಿಯಿರಿ. ನಿಮ್ಮದು ಎಡ ಮಂಡಿ, ಹಾಗಾದರೆ ಕೋಲು ಬಲಗೈಗೆ. ಹತ್ತರಲ್ಲಿ ಎಂಟು ಜನ ತಪ್ಪು ಕೈಯಲ್ಲಿ ಹಿಡಿದು ಬರುವುದನ್ನು ನಾನು ದಿನಾ ನೋಡುತ್ತೇನೆ.

ಪ್ರಶ್ನೆ: ಅಮ್ಮನಿಗೆ 68 ವರ್ಷ. ಬಲ ಮಂಡಿ ಬದಲಾಯಿಸುವ ಆಪರೇಷನ್ ಆಗಿ ಮೂರು ವಾರ ಆಯಿತು. ಮನೆಗೆ ಫಿಸಿಯೋ ಬರುತ್ತಾರೆ. ಅವರು ಕಾಲು ಮಡಚಿಸುವಾಗ ಅಮ್ಮ ಅಳುತ್ತಾರೆ, ನನಗೆ ನೋಡಲು ಆಗುವುದಿಲ್ಲ. ಸ್ವಲ್ಪ ದಿನ ನಿಲ್ಲಿಸಿ ಗಾಯ ಪೂರ್ತಿ ಒಣಗಿದ ಮೇಲೆ ಮಾಡಿಸಬಹುದಾ? ಮಂಡಿಯ ಅಡಿಗೆ ದಿಂಬು ಇಟ್ಟರೆ ಅವರಿಗೆ ಹಾಯೆನಿಸುತ್ತದೆ, ಇಡಬಹುದಾ?
ಉಡುಪಿಯ ಓದುಗರು

ಉತ್ತರ: ತಂಗಿ, ನಿಮ್ಮ ಪತ್ರ ಓದಿ ನನಗೆ ನನ್ನ ಅಜ್ಜಿಯ ನೆನಪಾಯಿತು. ಅವರಿಗೆ ಇದೇ ಆಪರೇಷನ್ ಆದಾಗ ನಾನಿನ್ನೂ ಪಿಯುಸಿ ಓದುತ್ತಿದ್ದೆ. ಮನೆಗೆ ಕಳಿಸುವಾಗ ಆಸ್ಪತ್ರೆಯಲ್ಲಿ ಯಾರೂ ದಿಂಬಿನ ಬಗ್ಗೆ ಹೇಳಿರಲಿಲ್ಲ. ಅಜ್ಜಿಗೆ ಹಿತ ಆಗಲಿ ಅಂತ ನಾನೇ ಹತ್ತಿಯ ದಿಂಬನ್ನು ಮಂಡಿಯ ಅಡಿಗೆ ಇಡುತ್ತಿದ್ದೆ. ಮೂರು ತಿಂಗಳ ಮೇಲೆ ಅವರು ನಿಂತರೆ ಆ ಕಾಲು ನೇರವೇ ಆಗಲಿಲ್ಲ. ಕೊನೆಯವರೆಗೂ ಒಂದು ಬದಿಗೆ ವಾಲಿಯೇ ನಡೆದರು. ನಾನು ಈ ಓದಿಗೆ ಬಂದದ್ದಕ್ಕೆ ಅದೂ ಒಂದು ಕಾರಣ. ಹಾಗಾಗಿ ಕೈಮುಗಿದು ಹೇಳುತ್ತೇನೆ, ಮಂಡಿಯ ಅಡಿಗೆ ದಿಂಬು ಬೇಡ.

ದಿಂಬು ಇಡುವುದೇ ಆದರೆ ಹಿಮ್ಮಡಿಯ ಅಡಿಗೆ ಇಡಿ. ಮಂಡಿಯ ಹಿಂದೆ ಖಾಲಿ ಇರಬೇಕು, ಅದು ತನ್ನ ಭಾರಕ್ಕೆ ತಾನೇ ನೇರವಾಗಬೇಕು. ದಿನಕ್ಕೆ ಮೂರು ನಾಲ್ಕು ಸಲ ಐದರಿಂದ ಹತ್ತು ನಿಮಿಷ ಹಾಗೆ ಮಲಗಿಸಿ. ಮಡಚುವುದರ ಬಗ್ಗೆ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ, ನೇರ ಆಗುವುದರ ಬಗ್ಗೆ ಯಾರೂ ಕೇಳುವುದಿಲ್ಲ. ನಡೆಯಲು ಎರಡೂ ಬೇಕು.

ಫಿಸಿಯೋವನ್ನು ಈಗ ನಿಲ್ಲಿಸಬೇಡಿ. ಈ ವಾರಗಳು ಹೋದರೆ ಮತ್ತೆ ಬರುವುದಿಲ್ಲ. ಒಳಗೆ ಗಾಯ ಮಾಯುವಾಗ ಅಂಟು ಕಟ್ಟಿಕೊಳ್ಳುತ್ತದೆ, ಆಡಿಸುತ್ತಿದ್ದರೆ ಮಾತ್ರ ಅದು ಸಡಿಲ ಇರುತ್ತದೆ. ಕುರ್ಚಿಯಲ್ಲಿ ಸರಿಯಾಗಿ ಕೂರಲು 90 ಡಿಗ್ರಿ ಮಡಚಬೇಕು, ಮೊದಲ ಕೆಲವು ವಾರಗಳಲ್ಲಿ ಅಲ್ಲಿಗೆ ತಲುಪುವ ಗುರಿ ಇಡುತ್ತೇವೆ. ಮೂರು ತಿಂಗಳ ಹೊತ್ತಿಗೆ 110ರ ಆಚೀಚೆ ಬಂದರೆ ಮೆಟ್ಟಿಲು, ರಿಕ್ಷಾ ಎಲ್ಲ ಸಲೀಸು.

ಆದರೆ ಅಮ್ಮ ಅಳುವಷ್ಟು ನೋವು ಆಗಬೇಕೆಂದೇನೂ ಇಲ್ಲ. ಬರುವ ಫಿಸಿಯೋ ಹತ್ತಿರ ಮಾತಾಡಿ. ಡಾಕ್ಟರ್ ಕೊಟ್ಟ ನೋವಿನ ಮಾತ್ರೆಯನ್ನು ಅವರು ಬರುವ ಮುಕ್ಕಾಲು ಗಂಟೆ ಮೊದಲು ಕೊಡಬಹುದಾ ಎಂದು ಡಾಕ್ಟರನ್ನೇ ಕೇಳಿ. ವ್ಯಾಯಾಮ ಮುಗಿದ ಕೂಡಲೇ ತೆಳ್ಳಗಿನ ಬಟ್ಟೆಯಲ್ಲಿ ಸುತ್ತಿದ ಐಸನ್ನು ಹದಿನೈದು ನಿಮಿಷ ಇಡಿ, ಗಾಯ ಒದ್ದೆಯಾಗದ ಹಾಗೆ. ಬೇರೆಯವರು ಮಡಚಿಸುವುದಕ್ಕಿಂತ ಅಮ್ಮನೇ ಮಡಚಿದರೆ ನೋವು ಕಡಿಮೆ. ಮಂಚದ ಅಂಚಿನಲ್ಲಿ ಕೂರಿಸಿ, ಒಳ್ಳೆಯ ಕಾಲನ್ನು ಆಪರೇಷನ್ ಆದ ಕಾಲಿನ ಮುಂದೆ ಇಟ್ಟು ಅವರೇ ನಿಧಾನಕ್ಕೆ ಹಿಂದಕ್ಕೆ ಒತ್ತಿಕೊಳ್ಳಲಿ. ನೀವು ಎದುರು ಕೂತು ಏನಾದರೂ ಮಾತಾಡುತ್ತಾ ಇರಿ. ಅಳುವವರ ಎದುರು ಮಗಳೂ ಅತ್ತರೆ ಅವರಿಗೆ ಧೈರ್ಯ ಎಲ್ಲಿಂದ ಬರಬೇಕು?

ಮೀನಖಂಡ ಬಾತು ಮುಟ್ಟಿದರೆ ನೋವಾದರೆ, ಜ್ವರ ಬಂದರೆ, ಗಾಯದಿಂದ ಕೀವು ಅಥವಾ ನೀರು ಬಂದರೆ ಕಾಯಬೇಡಿ, ಅದೇ ದಿನ ಆಪರೇಷನ್ ಮಾಡಿದವರಿಗೆ ತೋರಿಸಿ. ಉಸಿರು ಕಟ್ಟಿದ ಹಾಗೆ, ಎದೆ ನೋವು ಅಂದರೆ ಸೀದಾ ಆಸ್ಪತ್ರೆಗೆ.

2017ರ ಆಗಸ್ಟ್‌ನಲ್ಲಿ ಸರ್ಕಾರ ಕೃತಕ ಮಂಡಿಯ ಬೆಲೆಗೆ ಮಿತಿ ಹಾಕಿದ ಮೇಲೆ ಈ ಆಪರೇಷನ್ ಮೊದಲಿಗಿಂತ ಹೆಚ್ಚು ಜನರ ಕೈಗೆ ಎಟಕುತ್ತಿದೆ. ಆದರೂ ಅದು ದೊಡ್ಡ ಖರ್ಚೇ. ಅಷ್ಟು ಖರ್ಚು ಮಾಡಿ ನಂತರದ ಮೂರು ತಿಂಗಳ ವ್ಯಾಯಾಮಕ್ಕೆ ಜಿಪುಣತನ ಮಾಡುವುದು ಬಾವಿ ತೋಡಿ ಹಗ್ಗ ತರಲು ಮರೆತ ಹಾಗೆ.

ಪ್ರಶ್ನೆ: ನಾನು ಯಕ್ಷಗಾನದ ಬಡಗುತಿಟ್ಟಿನ ಮೇಳವೊಂದರಲ್ಲಿ ವೇಷ ಮಾಡುತ್ತೇನೆ, ವಯಸ್ಸು 24. ಮಂಡಿ ಹಾಕಿ ತಿರುಗುವುದು ನಮ್ಮಲ್ಲಿ ಮುಖ್ಯ. ಎರಡು ತಿಂಗಳ ಹಿಂದೆ ರಂಗಸ್ಥಳದಲ್ಲಿ ಕಾಲು ತಿರುಚಿತು. ಆಗ ಬಾತದ್ದು ಇಳಿಯಿತು, ಆದರೆ ಈಗ ಕೆಲವೊಮ್ಮೆ ಮಂಡಿ ಮಡಚಿದಲ್ಲೇ ಸಿಕ್ಕಿಕೊಳ್ಳುತ್ತದೆ, ಅಲ್ಲಾಡಿಸಿದರೆ ಬಿಡುತ್ತದೆ. ಒಬ್ಬರು ನೀವಿ ಸರಿ ಮಾಡುತ್ತೇನೆ ಎಂದರು. ಮುಂದಿನ ತಿರುಗಾಟಕ್ಕೆ ಸರಿಯಾಗಬಹುದಾ?
ಕುಂದಾಪುರ ತಾಲೂಕಿನ ಓದುಗರು

ಉತ್ತರ: ತಮ್ಮ, ನೀವಿಸಬೇಡಿ. ನಿಮ್ಮದು ಬಂಟ್ವಾಳದ ಅಕ್ಕನ ಹಾಗೆ ಸವೆತದ ನೋವಲ್ಲ. ತಿರುಚಿ ಬಾತದ್ದು, ಆಮೇಲೆ ಸಿಕ್ಕಿಕೊಳ್ಳುವುದು ಎಂದರೆ ಗಂಟಿನ ನಡುವಿನ ಮೆನಿಸ್ಕಸ್ ಹರಿದಿರುವ ಸಾಧ್ಯತೆ ಉಂಟು. ಅದು ಅರ್ಧಚಂದ್ರದ ಆಕಾರದ ಒಂದು ಮೆತ್ತೆ. ಪ್ರತಿ ಮಂಡಿಯಲ್ಲಿ ಎರಡು ಇರುತ್ತವೆ. ಹರಿದ ತುಂಡು ಎಲುಬಿನ ಮಧ್ಯೆ ಸೇರಿದರೆ ಬಾಗಿಲ ಸಂದಿಗೆ ಕಲ್ಲು ಸಿಕ್ಕಿದ ಹಾಗೆ ಕಾಲು ನಿಲ್ಲುತ್ತದೆ. ಹೊರಗಿನಿಂದ ಎಷ್ಟು ನೀವಿದರೂ ಅದು ಕೂಡುವುದಿಲ್ಲ, ಬಲವಂತ ಮಾಡಿದರೆ ಇನ್ನೂ ಹರಿಯಬಹುದು. ತಿರುಚಿದ ದಿನ ಎಷ್ಟು ಹೊತ್ತಿನಲ್ಲಿ ಬಾತಿತು ಎಂದು ನೆನಪು ಮಾಡಿಕೊಳ್ಳಿ. ಟಪ್ ಅಂತ ಶಬ್ದ ಕೇಳಿ ಒಂದೆರಡು ಗಂಟೆಯಲ್ಲೇ ಬಾತಿದ್ದರೆ ಒಳಗಿನ ಎಸಿಎಲ್ ಎಂಬ ಹಗ್ಗಕ್ಕೂ ಪೆಟ್ಟಾಗಿರಬಹುದು. ಇದನ್ನು ಡಾಕ್ಟರಿಗೆ ಹೇಳಬೇಕು.

ಮೊದಲು ಮೂಳೆ ಡಾಕ್ಟರಿಗೆ ತೋರಿಸಿ. ಅವರು ಕೈಯಿಂದ ಪರೀಕ್ಷೆ ಮಾಡಿ ಅಗತ್ಯ ಕಂಡರೆ ಎಂಆರ್‌ಐ ಬರೆಯುತ್ತಾರೆ. ಹರಿದಿದೆ ಎಂದ ಕೂಡಲೇ ಆಪರೇಷನ್ ಎಂದು ಹೆದರಬೇಡಿ. ಕೆಲವು ಹರುಕುಗಳು ವ್ಯಾಯಾಮದಲ್ಲೇ ನಿಭಾಯಿಸುವಂಥವು. ಆದರೆ ಪದೇ ಪದೇ ಸಿಕ್ಕಿಕೊಳ್ಳುವ ಮಂಡಿಯನ್ನು ಹಾಗೇ ಇಟ್ಟುಕೊಂಡು ರಂಗಸ್ಥಳ ಹತ್ತಬೇಡಿ.

ನಿಮಗೆ ಒಂದು ಅನುಕೂಲ ಉಂಟು. ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆ ಕಳೆದಿದೆ, ಗೆಜ್ಜೆ ಬಿಚ್ಚಿ ಆಗಿದೆ. ದೀಪಾವಳಿ ಕಳೆದು ತಿರುಗಾಟ ಹೊರಡುವ ತನಕ ಕೈಯಲ್ಲಿ ನಾಲ್ಕೈದು ತಿಂಗಳು ಉಂಟು. ಆಟಗಾರರಿಗೆ ಇಷ್ಟು ಬಿಡುವು ಸಿಗುವುದು ಅಪರೂಪ. ನಮ್ಮ ಕಲಾವಿದರು ಮಳೆಗಾಲವನ್ನು ಬರೀ ವಿಶ್ರಾಂತಿಗೆ ಕಳೆಯುತ್ತಾರೆ, ಕೆಲವರು ಮಳೆಗಾಲದ ಪ್ರದರ್ಶನಕ್ಕೆ ಮುಂಬೈ, ಬೆಂಗಳೂರು ಅಂತ ಓಡುತ್ತಾರೆ. ಈ ಒಂದು ಮಳೆಗಾಲವನ್ನು ಕಾಲಿಗೆ ಕೊಡಿ.

ಡಾಕ್ಟರ್ ಒಪ್ಪಿದ ಮೇಲೆ ಫಿಸಿಯೋ ಹತ್ತಿರ ಹೋಗಿ ನಿಮ್ಮ ಕುಣಿತದ ಒಂದು ವಿಡಿಯೋ ತೋರಿಸಿ. ಇದು ಮುಖ್ಯ. ಮಂಡಿ ಹಾಕಿ ಗಿರಗಿರನೆ ತಿರುಗುವುದು ಎಂದರೆ ಏನು ಎಂದು ನೋಡದವರಿಗೆ ಬಾಯಲ್ಲಿ ಹೇಳಿ ತಿಳಿಸಲು ಆಗುವುದಿಲ್ಲ. ತೊಡೆಯ ಮುಂಭಾಗ, ಹಿಂಭಾಗ, ಪೃಷ್ಠದ ಮಾಂಸಖಂಡ ಮೂರೂ ಗಟ್ಟಿಯಾಗಬೇಕು. ಸೊಂಟ ತಿರುಗದಿದ್ದರೆ ಆ ತಿರುಚು ಮಂಡಿಗೆ ಬರುತ್ತದೆ, ಅದಕ್ಕೆ ಸೊಂಟದ ವ್ಯಾಯಾಮ ಕೇಳಿ ಮಾಡಿಸಿಕೊಳ್ಳಿ. ಒಂಟಿ ಕಾಲಲ್ಲಿ ನಿಂತು ಅಲುಗಾಡದೆ ಅರ್ಧ ಕೂತು ಏಳಲು ಬಂದ ಮೇಲೆ ಹಾರುವುದು. ಹಾರಿ ಹಗುರವಾಗಿ ಇಳಿಯಲು ಬಂದ ಮೇಲೆ ಮಂಡಿ. ಅದೂ ಮೊದಲು ಚಾಪೆಯ ಮೇಲೆ, ನಾಲ್ಕೇ ಸುತ್ತು.

ವೇಷದ ಒಳಗೆ ತೆಳ್ಳಗಿನ ಮಂಡಿ ಪ್ಯಾಡ್ ಹಾಕುವುದರಲ್ಲಿ ಯಾವ ನಾಚಿಕೆಯೂ ಬೇಡ. ಚಿಪ್ಪಿನ ಮುಂದಿನ ನೀರಿನ ಚೀಲ ಬಾತುಕೊಳ್ಳುವುದು ಅದರಿಂದ ತಪ್ಪುತ್ತದೆ. ಇನ್ನು ಚೌಕಿಯಲ್ಲಿ ಬಣ್ಣಕ್ಕೆ ಎರಡು ಗಂಟೆ ಕೂತು ಸೀದಾ ಎದ್ದು ಹೋಗಿ ಮಂಡಿ ಹಾಕುತ್ತೀರಿ. ಕಟ್ಟು ಕಟ್ಟುವ ಮೊದಲು ಐದು ನಿಮಿಷ ಕಾಲು ಬಿಸಿ ಮಾಡಿಕೊಳ್ಳಿ. ಮದ್ದಳೆಯ ಶ್ರುತಿ ಕೂಡಿದ ಮೇಲೆಯೇ ಭಾಗವತರು ಹಾಡು ಎತ್ತುವುದು, ಅಲ್ವಾ?

ಪ್ರಶ್ನೆ: ಎಣ್ಣೆ ತಿಕ್ಕುವುದು, ಬಿಸಿ ಶಾಖ, ನೀ ಕ್ಯಾಪ್, ಗ್ಲುಕೋಸಮೈನ್ ಮಾತ್ರೆ, ಇಂಜೆಕ್ಷನ್. ಇದರಲ್ಲಿ ಯಾವುದು ಉಪಯೋಗ?
ಕಾರ್ಕಳ, ಪುತ್ತೂರು, ಸುರತ್ಕಲ್‌ನಿಂದ ಹಲವರು

ಉತ್ತರ: ಎಣ್ಣೆ ತಿಕ್ಕಿ ಬಿಸಿನೀರು ಹಾಕಿದರೆ ಬಿಗಿತ ಇಳಿದು ಹಿತ ಆಗುತ್ತದೆ. ಖಂಡಿತ ಮಾಡಿ, ಆದರೆ ಆ ಹಿತ ಇರುವಾಗಲೇ ವ್ಯಾಯಾಮವನ್ನೂ ಮುಗಿಸಿ. ಶಾಖ ಹದಿನೈದು ಇಪ್ಪತ್ತು ನಿಮಿಷ ಸಾಕು. ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶ ಕಡಿಮೆ ಆದವರು ಬೇರೆಯವರ ಕೈಯಲ್ಲಿ ಬಿಸಿ ನೋಡಿಸಿಕೊಳ್ಳಿ. ಸುಟ್ಟು ಬೊಬ್ಬೆ ಬಂದರೂ ಗೊತ್ತಾಗದೆ ಬಂದವರನ್ನು ನೋಡಿದ್ದೇನೆ. ಮಂಡಿ ಕೆಂಪಾಗಿ ಬಿಸಿಯಾಗಿ ಬಾತಿದ್ದರೆ ಶಾಖ ಬೇಡ, ತಣ್ಣೀರು ಪಟ್ಟಿ ಅಥವಾ ಐಸ್. ಪೇಸ್‌ಮೇಕರ್ ಇರುವವರು ಕರೆಂಟಿನ ಮೆಷಿನ್ ಹತ್ತಿರ ಹೋಗುವ ಮೊದಲೇ ಅದನ್ನು ಹೇಳಬೇಕು.

ನೀ ಕ್ಯಾಪ್ ಹಾಕಿಕೊಂಡರೆ ಧೈರ್ಯ ಬರುತ್ತದೆ ಎಂದಾದರೆ ಪೇಟೆಗೆ ಹೋಗುವಾಗ ಹಾಕಿ. ಮನೆಯಲ್ಲಿ ಬಿಚ್ಚಿಡಿ, ಮಲಗುವಾಗ ಬೇಡವೇ ಬೇಡ. ಗ್ಲುಕೋಸಮೈನ್‌ಗೆ ದುಡ್ಡು ಹಾಕಬೇಡಿ. ನಾನು ಮೇಲೆ ಹೇಳಿದ ಮಾರ್ಗಸೂಚಿಯೂ ಅದನ್ನು ಕೊಡಬೇಡಿ ಎನ್ನುತ್ತದೆ. ಸ್ಟಿರಾಯ್ಡ್ ಇಂಜೆಕ್ಷನ್ ಡಾಕ್ಟರ್ ನಿರ್ಧಾರ. ಅದರ ಪರಿಣಾಮ ಕೆಲವು ವಾರ ಮಾತ್ರ. ಆ ವಾರಗಳನ್ನು ತೊಡೆ ಗಟ್ಟಿ ಮಾಡಲು ಬಳಸಿಕೊಂಡರೆ ಇಂಜೆಕ್ಷನ್ ಕೊಡಿಸಿದ್ದಕ್ಕೂ ಸಾರ್ಥಕ.

ಪ್ರಶ್ನೆ: ಬೆಳಗ್ಗೆ ಎದ್ದರೆ ಒಂದು ಒಂದೂವರೆ ಗಂಟೆ ಮಂಡಿ, ಕೈಬೆರಳು ಎಲ್ಲ ಬಿಗಿ. ಬೆರಳ ಗಂಟುಗಳೂ ಬಾತಿವೆ. 41 ವರ್ಷ, ಹೆಂಗಸು. ಮಂಡಿ ವ್ಯಾಯಾಮ ಮಾಡಲೇ?
ಮೂಡುಬಿದಿರೆಯ ಓದುಗರು

ಉತ್ತರ: ಮೊದಲು ಡಾಕ್ಟರ್, ಆಮೇಲೆ ವ್ಯಾಯಾಮ. ಸವೆತದ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯ ಒಳಗೆ ಬಿಡುತ್ತದೆ. ಒಂದು ಗಂಟೆ ಮೀರಿ ಇರುವುದು, ಹಲವು ಗಂಟು ಒಟ್ಟಿಗೆ ಬಾಯುವುದು ರುಮಟಾಯ್ಡ್ ಎಂಬ ಸಂಧಿವಾತದ ಲಕ್ಷಣ ಆಗಿರಬಹುದು. ಅದಕ್ಕೆ ರಕ್ತ ಪರೀಕ್ಷೆ, ಬೇರೆಯೇ ಔಷಧಿ ಬೇಕು, ತಡ ಮಾಡಿದಷ್ಟೂ ಗಂಟು ಹಾಳಾಗುತ್ತದೆ. ಚಿಕೂನ್‌ಗುನ್ಯ ಜ್ವರ ಬಂದು ಹೋದ ಮೇಲೂ ತಿಂಗಳುಗಟ್ಟಲೆ ಹೀಗೆ ಆಗುವುದುಂಟು. 2008ರ ಹೊತ್ತಿಗೆ ನಮ್ಮ ಜಿಲ್ಲೆಯಲ್ಲಿ ಎಷ್ಟು ಮನೆಯವರು ಗೋಡೆ ಹಿಡಿದು ನಡೆದರು ಎಂದು ಹಿರಿಯರಿಗೆ ನೆನಪಿರಬಹುದು. ಜ್ವರ ಬಂದಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ.

ಪ್ರಶ್ನೆ: ಫಿಸಿಯೋ ಖರ್ಚು ನಮಗೆ ಕಷ್ಟ. ಎಷ್ಟು ದಿನ ಹೋಗಬೇಕು?
ಬೈಂದೂರಿನ ಓದುಗರು

ಉತ್ತರ: ಸವೆತದ ನೋವಿಗೆ ದಿನಾ ಹೋಗಬೇಕಿಲ್ಲ. ಎರಡು ಮೂರು ಸಲ ಹೋಗಿ ಸರಿಯಾಗಿ ಕಲಿತು, ಮನೆಯಲ್ಲಿ ಮಾಡಿ, ಎರಡು ಮೂರು ವಾರಕ್ಕೊಮ್ಮೆ ತೋರಿಸಿ ಮುಂದಿನದ್ದು ಕಲಿಯಿರಿ. ಉಡುಪಿಯ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ, ಮಂಗಳೂರಿನ ವೆನ್ಲಾಕ್ ಇಂಥ ಸರ್ಕಾರಿ ಕಡೆ ಮೊದಲು ವಿಚಾರಿಸಿ. ಫಿಸಿಯೋಥೆರಪಿ ಕಾಲೇಜುಗಳು ನಮ್ಮ ಎರಡೂ ಜಿಲ್ಲೆಯಲ್ಲಿ ಬೇಕಾದಷ್ಟಿವೆ, ಅಲ್ಲಿಯೂ ಕೇಳಿ ನೋಡಿ. ನಿಮ್ಮ ಮಂಡಿ ಮುಟ್ಟಿ ನೋಡದೆ, ಕುರ್ಚಿಯಿಂದ ಎಬ್ಬಿಸಿ ನಡೆಸಿ ನೋಡದೆ ಸೀದಾ ಮೆಷಿನ್ ಹಚ್ಚುವ ಜಾಗ ಆದರೆ ಎದ್ದು ಬನ್ನಿ.

ಪ್ರಶ್ನೆ: ನನಗೆ 71. ಕೃಷ್ಣ ಮಠದಲ್ಲಿ ಎಲ್ಲರ ಜೊತೆ ನೆಲದಲ್ಲಿ ಕೂತು ಊಟ ಮಾಡಬೇಕೆಂದು ಆಸೆ. ಕೂರಲು ಆಗುತ್ತದೆ, ಏಳಲು ಆಗುವುದಿಲ್ಲ. ಇಬ್ಬರು ಕೈ ಹಿಡಿದು ಎಳೆಯಬೇಕು, ನಾಚಿಕೆ ಆಗುತ್ತದೆ. ಎರಡು ವರ್ಷದಿಂದ ಹೋಗುವುದನ್ನೇ ಬಿಟ್ಟಿದ್ದೇನೆ.
ಬ್ರಹ್ಮಾವರದ ಓದುಗರು

ಉತ್ತರ: ಅಮ್ಮ, ಬಿಡಬೇಡಿ. ಏಳುವುದಕ್ಕೆ ಒಂದು ಕ್ರಮ ಉಂಟು, ಅದನ್ನು ಮನೆಯಲ್ಲಿ ಕಲಿತುಕೊಳ್ಳಿ. ಕೈ ಹಿಡಿದು ಎಳೆಯಲು ಮಾತ್ರ ಯಾರಿಗೂ ಬಿಡಬೇಡಿ, ಭುಜ ಜಾರಬಹುದು.

ಒಂದು ದಪ್ಪ ಚಾಪೆ ಹಾಸಿ, ಹತ್ತಿರ ಒಂದು ಗಟ್ಟಿ ಮರದ ಕುರ್ಚಿ ಇಟ್ಟುಕೊಳ್ಳಿ, ಪ್ಲಾಸ್ಟಿಕ್ ಬೇಡ. ಮೊದಲ ದಿನಗಳಲ್ಲಿ ಮನೆಯವರು ಯಾರಾದರೂ ಪಕ್ಕದಲ್ಲಿ ನಿಂತಿರಲಿ. ಕೂತಲ್ಲಿಂದ ಸೀದಾ ಮೇಲೆ ಏಳಲು ನೋಡಬೇಡಿ. ಒಂದು ಬದಿಗೆ ತಿರುಗಿ ಎರಡೂ ಅಂಗೈ ನೆಲಕ್ಕೆ ಊರಿ. ಅಂಬೆಗಾಲು ಹಾಕುವ ಮಗುವಿನ ಹಾಗೆ ನಾಲ್ಕು ಕಾಲಿಗೆ ಬನ್ನಿ, ನೋವಿನ ಮಂಡಿಯ ಅಡಿಗೆ ಮಡಚಿದ ಬೈರಾಸು ಇರಲಿ. ಕುರ್ಚಿಯ ಮೇಲೆ ಎರಡೂ ಕೈ ಇಡಿ. ಈಗ ಒಳ್ಳೆಯ ಕಾಲಿನ ಪಾದವನ್ನು ಮುಂದೆ ತಂದು ನೆಲಕ್ಕೆ ಊರಿ. ಒಂದು ಉಸಿರು ತೆಗೆದುಕೊಳ್ಳಿ. ಉಸಿರು ಬಿಡುತ್ತಾ ಕೈಯಿಂದ ಕುರ್ಚಿಯನ್ನು, ಪಾದದಿಂದ ನೆಲವನ್ನು ಒಟ್ಟಿಗೆ ಒತ್ತಿ ಎದ್ದು ನಿಲ್ಲಿ. ತಲೆ ತಿರುಗಿದರೆ ಕುರ್ಚಿಯಲ್ಲಿ ಕೂತು ಸುಧಾರಿಸಿ.

ದಿನಕ್ಕೆ ಎರಡು ಸಲ, ಒಂದು ತಿಂಗಳು. ಜೊತೆಗೆ ಬಂಟ್ವಾಳದ ಅಕ್ಕನಿಗೆ ಹೇಳಿದ ಕುರ್ಚಿಯ ವ್ಯಾಯಾಮ. ಆಮೇಲೆ ಮಠಕ್ಕೆ ಹೋಗುವಾಗ ಕಂಬದ ಹತ್ತಿರದ ಸಾಲಿನಲ್ಲಿ ಕೂತುಕೊಳ್ಳಿ. ಕುರ್ಚಿಯ ಕೆಲಸ ಕಂಬ ಮಾಡುತ್ತದೆ. ಎಲೆ ಎತ್ತಲು ಗಡಿಬಿಡಿ ಮಾಡಬೇಡಿ, ಸಾಲಿನವರೆಲ್ಲ ಎದ್ದು ಹೋದ ಮೇಲೆ ನಿಧಾನಕ್ಕೆ ಕಂಬದ ಕಡೆ ತಿರುಗಿ ಏಳಿ. ಹೋಗಿ ಬಂದ ಮೇಲೆ ನನಗೊಂದು ಪತ್ರ ಬರೆಯಿರಿ.